ಹಳೆಯ ಪೋಲೊಗೆ ಮಾಹಿತಿ ಪರದೆ

ನಮ್ಮ ಹಳೆಯ ಫೋಕ್ಸ್‌ವ್ಯಾಗನ್ ಪೋಲೊ ಆರಂಭಿಕ ದರ್ಜೆಯ ಮಾದರಿಯಾದ್ದರಿಂದ ಅದರಲ್ಲಿ ಮೈಲೇಜು, ಉಳಿದ ಇಂಧನದಲ್ಲಿ ಸಾಗಬಹುದಾದ ದೂರ, ಹೊರಗಿನ ಉಷ್ಣಾಂಶ ಯಾವುದೂ ಕಾಣುತ್ತಿರಲಿಲ್ಲ. ಅವನ್ನೆಲ್ಲ ತೋರಿಸುವ ಮೇಲ್ದರ್ಜೆಯ ಮೀಟರನ್ನು ಕೊನೆಗೂ ಹಾಕಿಸಿದ್ದೇನೆ.

ಮೀಟರ್ ಬದಲಾಯಿಸಿದ ಮಾತ್ರಕ್ಕೆ ಈ ಕೆಲಸ ಮುಗಿಯುವುದಿಲ್ಲ. ಪರದೆಯ ಪುಟ ತಿರುಗಿಸುವ ಗುಂಡಿ ವೈಪರ್ ಲಿವರಿನ ಮೇಲಿರುವುದರಿಂದ ಅದನ್ನೂ ಬದಲಿಸಬೇಕು, ಅದಕ್ಕಾಗಿ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಏರ್‌ಬ್ಯಾಗ್ ಸಮೇತ ಸ್ಟೀರಿಂಗ್ ಬಿಚ್ಚಬೇಕು. ಮುಂದಿನ ಬಂಪರಿನಲ್ಲಿ ಉಷ್ಣಾಂಶದ ಸೆನ್ಸರ್ ಕೂರಿಸಿ ಅದರ ತಂತಿಗಳನ್ನು ಮೀಟರಿನವರೆಗೆ ಎಳೆಯಬೇಕು. ಎಲ್ಲಕ್ಕಿಂತ ನಾಜೂಕಿನದು ಇಮ್ಮೊಬಿಲೈಸರ್, ಅಂದರೆ ಸರಿಯಾದ ಕೀಲಿಯಿಲ್ಲದೆ ಎಂಜಿನ್ ಓಡದಂತೆ ತಡೆಯುವ ಕಳ್ಳತನ-ತಡೆ ವ್ಯವಸ್ಥೆ. ಅದು ಮೀಟರಿನೊಳಗೇ ಇರುವುದರಿಂದ, ಕೀಲಿಯನ್ನು ಹೊಸ ಮೀಟರಿಗೆ ಹೊಂದಿಸದಿದ್ದರೆ ಎಂಜಿನ್ ಸ್ಟಾರ್ಟ್ ಆದ ಕೆಲವೇ ಕ್ಷಣಗಳಲ್ಲಿ ನಿಂತುಬಿಡುತ್ತದೆ. ಹಳೆಯ ಮೀಟರಿನಲ್ಲಿದ್ದ ಕಿಲೋಮೀಟರನ್ನೇ ಹೊಸದರಲ್ಲೂ ಬರೆಸಿ, ಬದಲಾವಣೆಯನ್ನು ಸರ್ವಿಸ್ ಪುಸ್ತಕದಲ್ಲಿ ದಾಖಲಿಸಿದ್ದೇನೆ. ಮುಂದೆ ಈ ಕಾರನ್ನು ಕೊಳ್ಳುವವರಿಗೆ ಅಷ್ಟು ಪ್ರಾಮಾಣಿಕತೆ ಸಲ್ಲಲೇಬೇಕು.

ಶಿರಾಡಿ ಘಾಟಿ ಏರುವಾಗ ಲೀಟರಿಗೆ 6 ಕಿ.ಮೀ.ಗೆ ಕುಸಿದಿದ್ದ ಅಂಕಿ, ಸಕಲೇಶಪುರ ದಾಟಿ ಐದನೇ ಗೇರಿನಲ್ಲಿ ಹಗುರವಾಗಿ ಸಾಗತೊಡಗಿದಾಗ 20ರ ಆಚೆಗೆ ಏರಿತು. ಎಂಜಿನ್ನಿನ ಕಂಪ್ಯೂಟರ್ ಎಷ್ಟು ಇಂಧನ ಚಿಮ್ಮಿಸಬೇಕೆಂಬುದನ್ನು ಮೊದಲ ದಿನದಿಂದಲೂ ಪ್ರತಿಕ್ಷಣ ಲೆಕ್ಕ ಹಾಕುತ್ತಲೇ ಇತ್ತು, ನಾನು ಮಾತ್ರ ಇಷ್ಟು ವರ್ಷ ಟ್ಯಾಂಕ್ ತುಂಬಿಸಿ ಭಾಗಾಕಾರ ಮಾಡುತ್ತಿದ್ದೆ ಎಂಬ ಯೋಚನೆ ದಾರಿಯುದ್ದಕ್ಕೂ ಜೊತೆಗಿತ್ತು. ಅಂಕಿ ಕಣ್ಣೆದುರಿಗಿರುವಾಗ ಆಕ್ಸಿಲರೇಟರಿನ ಮೇಲಿನ ಕಾಲು ತಾನಾಗಿಯೇ ಹದಕ್ಕೆ ಬರುತ್ತದೆ. ಸಿಗ್ನಲಿನಲ್ಲಿ ನಿಂತಾಗ ಎಂಜಿನ್ನಿನ ಬಿಸಿಗೆ ಹೊರಗಿನ ಉಷ್ಣಾಂಶ ತುಸು ಹೆಚ್ಚೇ ಕಾಣಿಸುತ್ತದೆ, ಕಾರು ಸಾಗಿದ ಮೇಲೆ ಸರಿಹೋಗುತ್ತದೆ.