ಟೊಮೆಟೊ ಮಂಡಿಯ ಬಿಲ್ಲಿಗೆ ಲುವಾ: ಕೆಲಸ ಎಲ್ಲಿಗೆ ಬಂತು

ಕೋಲಾರದ ಗೆಳೆಯನ ಮಂಡಿಗೆ ನಾನು ಬರೆದ ಬಿಲ್ ಪ್ರೋಗ್ರಾಮ್ ಇರುವುದು ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. 15 ಕೆಜಿ ಬಾಕ್ಸಿನ ಲೆಕ್ಕ, ಹರಾಜಿನ ರೇಟು, ಪ್ರಿಂಟು, ಇವು ಬದಲಾಗುವುದಿಲ್ಲ. ಬದಲಾಗುವುದು ಹಮಾಲಿ, ಖಾಲಿ ಬಾಕ್ಸಿನ ಬಾಡಿಗೆ, ಲಾರಿಗೆ ತುಂಬುವ ಖರ್ಚು. ಒಂದು ರೇಟು ಬದಲಾದರೂ ಮತ್ತೆ ಕಂಪೈಲ್ ಮಾಡಿ (ಕೋಡನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತಂದು) ಪೆನ್‌ಡ್ರೈವ್ ಹಿಡಿದು ಹೋಗಬೇಕಿತ್ತು. ಈಗ ಅವೆಲ್ಲ ಒಂದು ಪುಟ್ಟ ಲುವಾ ಫೈಲಿಗೆ ಬಂದಿವೆ. ಲೆಕ್ಕ ಬರೆಯುವ ಅಣ್ಣನೇ ತಿದ್ದಬಹುದು.

ಲುವಾ 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆ. ಚಿಕ್ಕದು, ಬೇರೆ ಪ್ರೋಗ್ರಾಮಿನೊಳಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಲುವಾ ಮತ್ತು ಸಿ ಪ್ಲಸ್ ಪ್ಲಸ್ ನಡುವೆ ಮಾತುಕತೆಯೆಲ್ಲ ಒಂದು ಸ್ಟ್ಯಾಕ್ ಮೂಲಕ, ಅಂದರೆ ಒಂದರ ಮೇಲೊಂದು ಪೇರಿಸಿದ ಅಟ್ಟಿ. ಫಂಕ್ಷನ್ (ಲೆಕ್ಕ ಮಾಡುವ ತುಣುಕು) ಇಡು, ಬಾಕ್ಸ್ ಎಷ್ಟು ಅಂತ ಇಡು, ರೇಟು ಇಡು, ಕರೆ. ಉತ್ತರ ಮೇಲ್ಗಡೆ ಸಿಗುತ್ತದೆ. ಕರೆಯುವುದು ಮಾತ್ರ ಯಾವಾಗಲೂ ಲುವಾ_ಪಿಕಾಲ್ (lua_pcall) ಮೂಲಕವೇ, ಇದು ತಪ್ಪನ್ನು ಹಿಡಿದುಕೊಳ್ಳುವ ಕರೆ. ಫೈಲಿನಲ್ಲಿ ತಪ್ಪಿದ್ದರೆ ಯಾವ ಸಾಲು ಅಂತ ಹೇಳುತ್ತದೆ, ಪ್ರೋಗ್ರಾಮ್ ನಿಲ್ಲುವುದಿಲ್ಲ. ಹರಾಜು ಜೋರಾಗಿ ನಡೆಯುವಾಗ ಇದಕ್ಕಿಂತ ಮುಖ್ಯ ಯಾವುದೂ ಇಲ್ಲ.

ಜಾಸ್ತಿ ಯೋಚನೆ ಹೋಗಿದ್ದು ದುಡ್ಡಿನ ಲೆಕ್ಕಕ್ಕೆ. ಲುವಾದ 5.3ನೇ ಆವೃತ್ತಿಯಿಂದ ಪೂರ್ಣಾಂಕ ಬೇರೆ, ದಶಮಾಂಶ ಬೇರೆ. ಆದರೆ ಒಂದೇ ಗೀಟಿನ (/) ಭಾಗಾಕಾರ ಯಾವಾಗಲೂ ದಶಮಾಂಶವನ್ನೇ ಕೊಡುತ್ತದೆ. ಹಾಗಾಗಿ ಎಲ್ಲವನ್ನೂ ಪೈಸೆಯಲ್ಲಿಟ್ಟು ಪೂರ್ಣಾಂಕವನ್ನೇ ಕೊಡುವ ಎರಡು ಗೀಟಿನ (//) ಭಾಗಾಕಾರ ಬಳಸಿದೆ. 1000 ರೂಪಾಯಿ ಲೋಡಿಂಗ್ ಖರ್ಚನ್ನು ಮೂವರಿಗೆ ಹಂಚಿದರೆ ತಲಾ 33333 ಪೈಸೆ, ಉಳಿಯುವುದು 1 ಪೈಸೆ. ಅದು ಮೊದಲ ಬಿಲ್ಲಿಗೆ. ಮೂರು ಬಿಲ್ ಕೂಡಿದರೆ ಸರಿಯಾಗಿ 1000 ಬರಲೇಬೇಕು, ಅಲ್ವಾ? ಪೂರ್ಣಾಂಕವಲ್ಲದ ಉತ್ತರ ಬಂದರೆ ಸಿ ಪ್ಲಸ್ ಪ್ಲಸ್ ಕಡೆ ಒಪ್ಪುವುದೇ ಇಲ್ಲ.

ಫೈಲ್ ತೆರೆಯುವ, ಕಮಾಂಡ್ ಓಡಿಸುವ ಲೈಬ್ರರಿಗಳನ್ನು (ಸಿದ್ಧ ಕೋಡ್) ಸ್ಕ್ರಿಪ್ಟಿಗೆ, ಅಂದರೆ ಆ ಲುವಾ ಫೈಲಿಗೆ, ಕೊಟ್ಟಿಲ್ಲ. ಲೂಪ್ ಮುಗಿಯದೆ ಸುತ್ತುತ್ತಿದ್ದರೆ ಎಷ್ಟು ಹೆಜ್ಜೆ ಓಡಿತು ಅಂತ ಎಣಿಸುವ ಕೌಂಟ್ ಹುಕ್ ಹಿಡಿದು ನಿಲ್ಲಿಸುತ್ತದೆ. ಸಿ ಭಾಷೆಯಲ್ಲಿ ಬರೆದಿರುವ ಲುವಾವನ್ನೂ ಸಿ ಪ್ಲಸ್ ಪ್ಲಸ್ ಕಂಪೈಲರಿನಲ್ಲೇ ಕಟ್ಟಿದ್ದೇನೆ. ಸಿ ಆಗಿ ಕಟ್ಟಿದರೆ ಎರರ್ ಬಂದಾಗ ಅದು ಲಾಂಗ್‌ಜಂಪ್‌ನಲ್ಲಿ (ನಡುವಿನ ಕೋಡನ್ನು ಬಿಟ್ಟು ನೇರ ಹಾರುವುದು) ಹಾರಿಬಿಡುತ್ತದೆ, ನಡುವಿನ ಡಿಸ್ಟ್ರಕ್ಟರ್‌ಗಳು (ಬಳಸಿದ್ದನ್ನು ತೆರವು ಮಾಡುವ ಕೋಡ್) ಓಡುತ್ತವೆ ಅನ್ನುವ ಖಾತ್ರಿಯಿಲ್ಲ.

ವೇರಿಯಬಲ್ ಹೆಸರು ಕನ್ನಡದಲ್ಲಿ ಇಡಲಾಗದು. ಆದರೆ ಟೇಬಲ್ಲಿನ ಕೀ (ಪಟ್ಟಿಯಲ್ಲಿ ಪ್ರತಿ ಬೆಲೆಯ ಹೆಸರು) ಸ್ಟ್ರಿಂಗ್, ಅಂದರೆ ಬರೀ ಪಠ್ಯ, ಆದ್ದರಿಂದ "ಹಮಾಲಿ", "ಬಾಡಿಗೆ" ಅಂತಲೇ ಬರೆಯಬಹುದು. ಇದು ನನಗೆ ತುಂಬಾ ಖುಷಿ ಕೊಟ್ಟಿತು. ಅಣ್ಣನಿಗೆ ಫೈಲ್ ತೋರಿಸಿದಾಗ ಹಮಾಲಿ ಸಾಲು ತಾವೇ ಹುಡುಕಿ ಬದಲಾಯಿಸಿದರು.

ಪ್ರಿಂಟಿನಲ್ಲಿ ಕಾಲಂ ಇನ್ನೂ ನೇರವಾಗಿಲ್ಲ. "ಕೋಲಾರ" ಲುವಾಗೆ 15 ಬೈಟ್, ಯೂನಿಕೋಡ್‌ಗೆ (ಎಲ್ಲ ಲಿಪಿಗಳ ಅಕ್ಷರಸಂಕೇತ) 5 ಸಂಕೇತ, ಕಣ್ಣಿಗೆ ಮೂರೇ ಅಕ್ಷರ. ಅಗಲ ಅಳೆಯುವ ಕೆಲಸವನ್ನು ಸ್ಕ್ರಿಪ್ಟಿಗೆ ಬಿಡದೆ ಪ್ರಿಂಟ್ ಮಾಡುವ ಕಡೆಗೇ ಕೊಡುತ್ತೇನೆ. ಅದಾದ ಮೇಲೆ, ತಿದ್ದಿದ ಫೈಲನ್ನು ಎರಡು ಬಿಲ್‌ಗಳ ನಡುವೆ ಮಾತ್ರ ಹೊಸದಾಗಿ ಓದಿಸಬೇಕು.