ಹೆಬ್ಡನ್ ಬ್ರಿಡ್ಜ್‌ಗೆ ಹೋದರೆ ಮೊದಲು ಗುಡ್ಡದ ಬಸ್ಸು ಹಿಡಿಯಿರಿ

ಅಮ್ಮ ಮ್ಯಾಂಚೆಸ್ಟರ್‌ಗೆ ಬಂದು ಮೂರು ವಾರವಾಗಿತ್ತು. ಅಂಗಡಿ, ಮ್ಯೂಸಿಯಂ ಎಲ್ಲ ಮುಗಿದ ಮೇಲೆ, "ಜನ ಬದುಕೋ ಒಂದು ಊರು ತೋರಿಸೋ" ಅಂದರು. ವಿಕ್ಟೋರಿಯಾ ಸ್ಟೇಷನ್ನಿನಿಂದ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ ಪ್ರಯಾಣ, ಯಾರ್ಕ್‌ಷೈರಿನ ಹೆಬ್ಡನ್ ಬ್ರಿಡ್ಜ್. ಲೀಡ್ಸ್ ಕಡೆಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಜನಸಂಖ್ಯೆ ಸುಮಾರು 4,500.

ಬಂದವರೆಲ್ಲ ಇಳಿದ ಕೂಡಲೇ ಪೇಟೆಗೆ ನುಗ್ಗುತ್ತಾರೆ. ನೀವು ಹಾಗೆ ಮಾಡಬೇಡಿ. ಗುಡ್ಡದ ಮೇಲಿನ ಹಳ್ಳಿ ಹೆಪ್ಟನ್‌ಸ್ಟಾಲ್‌ಗೆ ಹೋಗುವ ಪುಟ್ಟ ಬಸ್ಸು ಹತ್ತಿ ಅಲ್ಲಿ ಇಳಿಯಿರಿ. ಏಕೆಂದರೆ ಈ ಊರಿನ ಚರಿತ್ರೆ ಮೇಲಿನಿಂದ ಕೆಳಗೆ ಇಳಿದು ಬಂದದ್ದು. ಕಣಿವೆ ಜೌಗಾಗಿದ್ದ ಕಾಲಕ್ಕೆ ಜನರಿದ್ದದ್ದು ಮೇಲೆ, ಮನೆಯಲ್ಲೇ ಮಗ್ಗ ಹಾಕಿಕೊಂಡು. ಅಲ್ಲಿನ ಹಳೆಯ ಮನೆಗಳ ಮೇಲಂತಸ್ತಿನಲ್ಲಿ ಸಾಲುಗಟ್ಟಿದ ಕಿಟಕಿಗಳಿವೆ, ನೇಯ್ಗೆಗೆ ಬೆಳಕು ಬೇಕಲ್ಲ.

ಒಂದೇ ಅಂಗಳದಲ್ಲಿ ಎರಡು ಚರ್ಚುಗಳಿವೆ. ಹಳೆಯದು 1847ರ ಬಿರುಗಾಳಿಗೆ ಹಾಳಾಯಿತು, ಹೊಸದನ್ನು ಪಕ್ಕದಲ್ಲೇ ಕಟ್ಟಿದರು. ಛಾವಣಿಯಿಲ್ಲದ ಹಳೆಯ ಚರ್ಚಿನ ಅಂಗಳದಲ್ಲಿ ಡೇವಿಡ್ ಹಾರ್ಟ್ಲಿಯ ಸಮಾಧಿ ಹುಡುಕಿ. ಚಿನ್ನದ ನಾಣ್ಯಗಳ ಅಂಚು ತುರಿದು, ಆ ಪುಡಿ ಕರಗಿಸಿ ಖೋಟಾ ನಾಣ್ಯ ಹೊಡೆಯುತ್ತಿದ್ದ ಗುಂಪಿನ ನಾಯಕ ಅವನು. 1770ರಲ್ಲಿ ಯಾರ್ಕ್‌ನಲ್ಲಿ ಗಲ್ಲಿಗೇರಿಸಿದರು. ಈ ಕಸುಬಿಗೆ ನೇಕಾರರೂ ಕೈಜೋಡಿಸಿದ್ದರು. ಕಲ್ಲಿನ ಮೇಲೆ ಯಾರೋ ಒಂದಷ್ಟು ಚಿಲ್ಲರೆ ಇಟ್ಟು ಹೋಗಿದ್ದರು. ಅಮ್ಮ ಕಾಣಿಕೆ ಅಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ಇಳಿಯುವುದಕ್ಕೆ 'ಬಟ್ರೆಸ್' ಎಂಬ ಹಳೆಯ ಕಲ್ಲುಹಾಸಿನ ದಾರಿಯಿದೆ, ಸರಕು ಹೊತ್ತ ಕುದುರೆಗಳು ಓಡಾಡುತ್ತಿದ್ದದ್ದು. ಭಾರಿ ಕಡಿದು. ಮಳೆ ಬಿದ್ದಿದ್ದರೆ ಪಾಚಿಗಟ್ಟಿದ ಕಲ್ಲು ಸಾಬೂನಿನಂತೆ. ಸವೆದ ಅಡಿಯ ಸ್ನೀಕರ್ ಹಾಕಿಕೊಂಡಿದ್ದ ನಾನು ಸೊಂಟ ಊರಿ ಕೂತೆ. ಮಂಡಿನೋವಿನ ಅಮ್ಮ ಜಾಣತನದಿಂದ ಬಸ್ಸಿನಲ್ಲೇ ಇಳಿದು ಕೆಳಗೆ ಕಾಯುತ್ತಿದ್ದರು. ಹಿರಿಯರಿದ್ದರೆ ಹಾಗೇ ಮಾಡಿ.

ಕೆಳಗೆ ಸುಮಾರು 1510ರ ಕಲ್ಲಿನ ಸೇತುವೆ ಸಿಗುತ್ತದೆ. ಊರಿನ ಹೆಸರಿನಲ್ಲಿರುವ ಬ್ರಿಡ್ಜ್ ಇದೇ. ಮುಂದೆ ಹೊಳೆಯ ನೀರಿನಿಂದ ಗಿರಣಿ ಓಡತೊಡಗಿದವು, 1804ರಲ್ಲಿ ಸರಕು ದೋಣಿಗಳ ರಾಚ್‌ಡೇಲ್ ಕಾಲುವೆ ಪೂರ್ತಿಯಾಯಿತು, ಆಮೇಲೆ ರೈಲು. ಜನ ಗುಡ್ಡ ಬಿಟ್ಟು ಕೆಳಗಿಳಿದರು. ಆದರೆ ಸಮತಟ್ಟು ಜಾಗವನ್ನೆಲ್ಲ ಗಿರಣಿಗಳೇ ನುಂಗಿದ್ದರಿಂದ ಇಳಿಜಾರಿನಲ್ಲಿ ಮನೆಯ ಮೇಲೆ ಮನೆ ಕಟ್ಟಿದರು. ಕೆಳಗಿನ ರಸ್ತೆಯಿಂದ ನಾಲ್ಕಂತಸ್ತು ಕಾಣುವ ಕಟ್ಟಡ ಮೇಲಿನ ರಸ್ತೆಯಿಂದ ಎರಡೇ ಅಂತಸ್ತು. ಕೆಳಗಿನ ಎರಡು ಒಬ್ಬರದು, ಬಾಗಿಲು ಈ ಕಡೆ. ಮೇಲಿನ ಎರಡು ಇನ್ನೊಬ್ಬರದು, ಬಾಗಿಲು ಆ ಕಡೆ.

"ಕೆಳಗಿನವರ ಹಿತ್ತಲು ಎಲ್ಲಿ?" ಅಮ್ಮನ ಪ್ರಶ್ನೆ. ಹಿತ್ತಲೇ ಇಲ್ಲ, ಹಿಂದೆ ಬರೀ ಗುಡ್ಡದ ಮಣ್ಣು.

ಇಲ್ಲಿನ ಗಿರಣಿಗಳ ಕಸುಬು ಫಸ್ಟಿಯನ್, ಅಂದರೆ ದಪ್ಪ ಹತ್ತಿ ಬಟ್ಟೆ. ನಮ್ಮಪ್ಪ ಹಾಕುತ್ತಿದ್ದ ಕಾರ್ಡುರಾಯ್ ಪ್ಯಾಂಟೂ ಅದೇ ಜಾತಿ. ಉದ್ದ ಮೇಜಿನ ಮೇಲೆ ಬಟ್ಟೆ ಬಿಗಿದು, ಪಕ್ಕದಲ್ಲೇ ನಡೆಯುತ್ತಾ ತೆಳು ಚಾಕುವಿನಿಂದ ನೂಲಿನ ಕುಣಿಕೆಗಳನ್ನು ಸೀಳಬೇಕು. ಆಗ ಮೇಲೆ ನವಿರು ಏಳುತ್ತದೆ. ಸೇಂಟ್ ಜಾರ್ಜ್ ಚೌಕದಲ್ಲಿ ಆ ಚಾಕುವಿನದೇ ದೊಡ್ಡ ಶಿಲ್ಪವಿದೆ. 1870ರಲ್ಲಿ ಕೆಲಸಗಾರರೇ ಸೇರಿ ಇಲ್ಲಿ ಫಸ್ಟಿಯನ್ ಸಹಕಾರಿ ಸಂಘ ಕಟ್ಟಿದ್ದರು.

ಗಿರಣಿಗಳು ಮುಚ್ಚಿ, 1970ರ ದಶಕದಲ್ಲಿ ಮನೆಗಳು ಅಗ್ಗವಾದಾಗ ಕಲಾವಿದರು, ಹಿಪ್ಪಿಗಳು ಬಂದು ನೆಲೆಸಿದರು. ಸಲಿಂಗಿ ಜೋಡಿಗಳು, ಅದರಲ್ಲೂ ಹೆಂಗಸರು, ಹೆಚ್ಚಾಗಿ ಇರುವ ಊರೆಂದು ಇದು ಇಡೀ ಇಂಗ್ಲೆಂಡಿಗೆ ಗೊತ್ತು. ಈಗ ಲೀಡ್ಸ್, ಮ್ಯಾಂಚೆಸ್ಟರಿಗೆ ಕೆಲಸಕ್ಕೆ ಓಡಾಡುವವರೂ ಸೇರಿ ಮನೆ ಬೆಲೆ ಏರಿಬಿಟ್ಟಿದೆ. ಊರು ಚೆಂದ ಹೌದು, ಕಾಫಿಯ ಬೆಲೆ ನೋಡಿದಾಗ ನೇಕಾರರ ಮೊಮ್ಮಕ್ಕಳು ಎಲ್ಲಿ ಹೋದರೋ ಅನ್ನಿಸಿತು. ಸಸ್ಯಾಹಾರಿಗಳಿಗೆ ಮಾತ್ರ ಪರದಾಟವಿಲ್ಲ. ಊಟ ಬೇಗ ಮುಗಿಸಿ, ಐದರ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕತೊಡಗುತ್ತವೆ. ಸಂಜೆ ಉಳಿಯುವವರಿಗೆ 1921ರ ಪಿಕ್ಚರ್ ಹೌಸ್ ಚಿತ್ರಮಂದಿರ ಇನ್ನೂ ನಡೆಯುತ್ತಿದೆ.

ಚಳಿಗಾಲದಲ್ಲಿ ಹೊರಡುವವರು ಹಿಂದಿನ ರಾತ್ರಿ ಪ್ರವಾಹದ ಮುನ್ಸೂಚನೆ ನೋಡಿಕೊಳ್ಳಿ. 2015ರ ಡಿಸೆಂಬರ್ 26ರಂದು ಪೇಟೆಯೊಳಗೆಲ್ಲ ನೀರು ನುಗ್ಗಿತ್ತು. ಅಂಗಡಿಯೊಂದರ ಹೊಸ್ತಿಲ ಎರಡೂ ಬದಿ ಉದ್ದ ಸಂದಿರುವ ಲೋಹದ ಪಟ್ಟಿ ಕಂಡಿತು. ಅಮ್ಮ ಬೆರಳಿಟ್ಟು ನೋಡುತ್ತಿದ್ದರೆ, ಒಳಗಿನಿಂದ ಅಂಗಡಿಯಾಕೆ ಬಂದು ನೀರು ತಡೆಯಲು ಅದಕ್ಕೆ ಇಳಿಬಿಡುವ ಹಲಗೆಯನ್ನೇ ತಂದು ತೋರಿಸಿದರು.