ಸೂಜಿ ಹಾಕೋದು ಬಿಟ್ಟು ಲೆಕ್ಕ ಯಾಕೆ ಕಲಿಸ್ತೀರಿ?

ಯಾದಗಿರಿ ಜಿಲ್ಲೆಯಲ್ಲಿ ಆಶಾ ಕಾರ್ಯಕರ್ತೆಯರಿಗೆ, ನರ್ಸಮ್ಮಂದಿರಿಗೆ ತರಬೇತಿ ಕೊಡೋದು ನನ್ನ ಕೆಲಸ. ಮದುವೆ ಮನೆಯಲ್ಲಿ ಸಿಕ್ಕರೂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೂ ಜನ ಕೇಳೋದು ಒಂದೇ: "ಅವರಿಗೆ ಸೂಜಿ ಹಾಕೋದು ಕಲಿಸ್ರೀ ಮೇಡಂ, ಲೆಕ್ಕ-ಗಿಕ್ಕ ಕಲಿಸಿ ಏನ್ ಮಾಡ್ತೀರಿ?"

ಮೊದಲು ಆ 'ಗಿಕ್ಕ' ಬಿಡಿ. ದವಾಖಾನೆಗೆ ಬಂದವರನ್ನು ಡಾಕ್ಟರ್ ನೋಡುತ್ತಾರೆ. ಬಾರದವರನ್ನು ಯಾರು ನೋಡಬೇಕು? ಸುಮಾರು 1000 ಜನಕ್ಕೆ ಒಬ್ಬ ಆಶಾ ಇರೋದು ಅದಕ್ಕೇ.

ಸುರಪುರದ ಕಡೆ ಒಂದು ತಾಂಡಾ. ತೊಗರಿ ರಾಶಿ ಮುಗಿದಿತ್ತು. ಆಶಾ ತನ್ನ ಡ್ಯೂ ಲಿಸ್ಟ್, ಅಂದರೆ ಯಾವ ಕೂಸಿಗೆ ಯಾವ ಲಸಿಕೆ ಹಾಕಬೇಕು ಅಂತ ಬರೆದ ಪಟ್ಟಿ, ಮುಂದಿಟ್ಟಳು. 9 ತಿಂಗಳು ದಾಟಿದ 18 ಮಕ್ಕಳು, 18ಕ್ಕೂ ದಡಾರ-ರುಬೆಲ್ಲಾ ಲಸಿಕೆ ಆಗಿದೆ. ಮುತ್ತು ಪೋಣಿಸಿದಂಥ ಅಕ್ಷರ.

"ತಾಂಡಾದಾಗ ಇಷ್ಟೇ ಕೂಸುಗಳೇನವ್ವಾ?"

"ಕೀಲಿ ಹಾಕಿದ ಮನೀ ಬಿಟ್ಟೀನ್ರಿ ಮೇಡಂ. ಅವ್ರು ಗುಳೆ ಹೋಗ್ಯಾರ್ರಿ."

ಕೀಲಿ ಹಾಕಿದ ಮನೆಗಳವರಿಗೆ ಲಸಿಕೆ ಆಗದ ಇನ್ನೂ 6 ಮಕ್ಕಳಿದ್ದವು. 24ಕ್ಕೆ 18 ಅಂದರೆ ನೂರಕ್ಕೆ 75. ದಡಾರ ಹಬ್ಬದಂತೆ ತಡೆಯಲು 95 ಬೇಕು. ಆಕೆ ಸುಳ್ಳು ಬರೆದಿರಲಿಲ್ಲ, ಊರಲ್ಲಿ ಇಲ್ಲದವರನ್ನೂ ಎಣಿಸಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಪೋಲಿಯೊ ತಂಡದವರು ಕೀಲಿ ಹಾಕಿದ ಮನೆಯ ಬಾಗಿಲಿಗೆ ಚಾಕ್‌ಪೀಸಿನಿಂದ 'ಎಕ್ಸ್' ಬರೆದು ಮತ್ತೆ ಬರುತ್ತಾರೆ. ಆ ಗುರುತು ರಿಜಿಸ್ಟರಿನಲ್ಲೂ ಬೀಳಬೇಕು. ನಾನು ಕಲಿಸುವ ಲೆಕ್ಕ ಇದು.

ನೀವು ನನ್ನನ್ನು ಕೇಳಬೇಕಾದದ್ದು ಬೇರೆ: ಗುಳೆ ಹೋದ ಕೂಸು ಯಾವ ಊರಿನ ಲೆಕ್ಕಕ್ಕೆ? ಬೆಂಗಳೂರಲ್ಲಿ ಕಟ್ಟಡದ ಶೆಡ್ಡಿನಲ್ಲಿದ್ದರೆ ಅಲ್ಲಿನವರು 'ಊರಿಂದ ಬಂದವರು' ಅಂತಾರೆ, ಇಲ್ಲಿನವರು 'ಊರು ಬಿಟ್ಟವರು' ಅಂತಾರೆ. ಈ ಪ್ರಶ್ನೆ ಕೇಳಿ, ಇಡೀ ದಿನ ಕೂತು ಮಾತಾಡುತ್ತೇನೆ.

ಅವತ್ತು ಆ 6 ಹೆಸರನ್ನು ಕೆಂಪು ಪೆನ್ನಿನಲ್ಲಿ ಬರೆಸಿದೆ. ಪಕ್ಕದ ಮನೆಯ ಆಯಿಯ ಹತ್ತಿರ ಒಬ್ಬ ತಾಯಿಯ ನಂಬರ್ ಸಿಕ್ಕಿತು. ಫೋನ್ ಹಚ್ಚಿದರೆ, ಕೂಸಿನ ಲಸಿಕೆ ಬರೆದಿಡುವ 'ತಾಯಿ ಕಾರ್ಡ್' ಇಲ್ಲೇ ಟ್ರಂಕಿನಲ್ಲಿ ಉಳಿದಿದೆ ಅಂದಳು. ಚಾವಿ ಆಯಿಯ ಸೆರಗಿನ ಗಂಟಿನಲ್ಲೇ ಇತ್ತು. ಬಾಗಿಲು ತೆಗೆದು, ಕಾರ್ಡ್ ಹುಡುಕಿ, ಬೆಳಕಿಗೆ ಹಿಡಿದು ಫೋಟೊ ತೆಗೆದು ವಾಟ್ಸಾಪ್ ಮಾಡಿದೆವು. ಹತ್ತಿರದ ಸರ್ಕಾರಿ ದವಾಖಾನೆಯಲ್ಲಿ ತೋರಿಸು, ದುಡ್ಡು ಕೊಡಬೇಕಾಗಿಲ್ಲ ಅಂತ ಆಶಾ ಎರಡೆರಡು ಸಲ ಹೇಳಿದಳು.

ಎರಡನೇ ಡೋಸ್ 16 ತಿಂಗಳಾದ ಮೇಲೆ. ಅಷ್ಟರೊಳಗೆ ಅವರು ಊರಿಗೆ ಬರ್ತಾರೋ ಇಲ್ಲವೋ ಅಂತ ಆಕೆ ಆಗಲೇ ಆಯಿಯನ್ನು ಕೇಳುತ್ತಾ ಕೂತಿದ್ದಳು.